ಸದ್ದು ಮಾಡದ ಟೈರು

ಕುಹ್ಮೊ
ಅಕ್ಟೋಬರ್ 24, ಶುಕ್ರವಾರ

ಪ್ರೀತಿಯ ತಮ್ಮ ಇಲ್ಪೊ,

ಹೇಗಿದ್ದೀಯ? ಬೆನ್ನುನೋವು ಹೇಗಿದೆ? ದಿನವಿಡೀ ಮೀನಿನ ಪೆಟ್ಟಿಗೆ ಎತ್ತುವ ಕೆಲಸದಲ್ಲಿ ಅದು ಸುಮ್ಮನಿರುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಮೇ ತಿಂಗಳಲ್ಲಿ ನಾರ್ವೆಯಿಂದ ನೀನು ಹಾಕಿದ ಕಾರ್ಡಿನಲ್ಲಿ ವಿಳಾಸ ಬಿಟ್ಟರೆ ಇದ್ದದ್ದು ಎರಡೇ ಮಾತು: ಮೀನಿನ ಬಂದರಿನಲ್ಲಿ ಕೆಲಸ ಸಿಕ್ಕಿದೆ, ಇಲ್ಲಿ ಗಾಳಿ ಜಾಸ್ತಿ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಬೇರೆ ಪೊಟ್ಟಣದಲ್ಲಿ ಎರಡು ಜೊತೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಬೂದು ಬಣ್ಣದ್ದು ಅಮ್ಮ ಹೆಣೆಯುತ್ತಿದ್ದದ್ದು. ಒಂದರ ಹಿಮ್ಮಡಿ ಮುಗಿದಿರಲಿಲ್ಲ, ನಾನು ಮುಗಿಸಿದೆ. ಅವಳ ಕೈ ಎಲ್ಲಿ ನಿಂತಿತು, ನನ್ನದು ಎಲ್ಲಿ ಶುರುವಾಯಿತು ಎಂಬುದು ಹಾಕಿಕೊಂಡ ತಕ್ಷಣ ನಿನಗೆ ತಿಳಿಯುತ್ತದೆ. ನನಗೆ ಹೆಣೆಯಲು ಬರುವುದಿಲ್ಲವೆಂದು ನೀನು ಚಿಕ್ಕಂದಿನಿಂದ ಆಡಿಕೊಳ್ಳುತ್ತಿದ್ದೆಯಲ್ಲ, ಈಗಲೂ ಆಡಿಕೊ.

ಅಪ್ಪನ ರಕ್ತದೊತ್ತಡ ಹತೋಟಿಯಲ್ಲಿದೆ. ಕಣ್ಣು ಮಾತ್ರ ಕೈಕೊಟ್ಟಿದೆ, ಎರಡಕ್ಕೂ ಪೊರೆ ಬಂದಿದೆ. ಆಪರೇಷನ್ನಿಗೆ ಫೆಬ್ರವರಿಯಲ್ಲಿ ದಿನ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಕಾರು ಮುಟ್ಟಬಾರದೆಂದು ಡಾಕ್ಟರು ಹೇಳಿದಾಗ ಅಪ್ಪ, "ಮೂವತ್ನಾಕು ವರ್ಷ ಈ ಊರಿನ ರಸ್ತೆಯಿಂದ ಹಿಮ ತಳ್ಳಿದೋನು ನಾನು, ನಂಗೆ ದಾರಿ ತೋರ್ಸೋಕೆ ಕಣ್ಣು ಬೇಕೇನ್ರೀ?" ಎಂದು ಕೇಳಿದರು. ಡಾಕ್ಟರು ನಕ್ಕರು, ಅಪ್ಪ ನಗಲಿಲ್ಲ. ಆಗಸ್ಟಿನಿಂದ ನಾನು ಪಾಠ ಮಾಡುವ ಔಲು ಪೇಟೆಯ ಶಾಲೆಗೆ ರಜೆ ಹಾಕಿ ಮರದ ಕಾರ್ಖಾನೆ ಪಕ್ಕದ ಈ ಫ್ಲ್ಯಾಟಿನಲ್ಲಿ ಅವರ ಜೊತೆ ಇದ್ದೇನೆ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ. ಮೊದಲು ಹವಾಮಾನ, ಆಮೇಲೆ ಸತ್ತವರ ಹೆಸರು, ಕೊನೆಗೆ ಉಳಿದದ್ದು. "ನಿನ್ನ ಗಂಟಲು ಅಮ್ಮಂದೇ ಕಣೇ" ಎಂದು ಒಮ್ಮೆ ಅಂದರು. ಆವತ್ತು ಕಾಫಿ ಬಿಸಿ ಮಾಡುವ ನೆಪದಲ್ಲಿ ಎದ್ದುಹೋದೆ.

ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಲು ಬೇಕೆಂದು ಒಂದು ಹಳೆಯ ಸಣ್ಣ ಕಾರು ಕೊಂಡಿದ್ದೇನೆ. ಅಮ್ಮನ ಕೆಂಪು ಕಾರಿಗಿಂತ ಒಂದು ಗೇಣು ಚಿಕ್ಕದು. ಅದರ ಜೊತೆ ಬಂದದ್ದು ಬೇಸಿಗೆ ಟೈರು ಮಾತ್ರ, ಹಿಮ ಬಿದ್ದರೆ ಅವು ಜಾರುತ್ತವೆ. ಮಂಗಳವಾರ ಕೆರೆಯ ಅಂಚಿನಲ್ಲಿ ಹಾಲಿನ ಕೆನೆಯಷ್ಟು ತೆಳ್ಳಗೆ ನೀರು ಹೆಪ್ಪುಗಟ್ಟಿತ್ತು. ಅಪ್ಪ ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿ, "ನಾಳೆನೇ ಮೊಯ್ಲಾನೆನ್ ಅಂಗಡಿಗೆ ಹೋಗೋಣ" ಎಂದರು. ಹಾಗೆ ಬುಧವಾರ ಟೈರಿನಂಗಡಿಗೆ ಹೋದೆವು. ಅಲ್ಲಿ ನಡೆದದ್ದನ್ನು ನಿನಗೆ ಹೇಳದೆ ನಾನು ಇನ್ನೊಂದು ದಿನ ಕಳೆಯಲಾರೆ.

ಮೊಯ್ಲಾನೆನ್ ಇನ್ನೂ ಹಾಗೇ ಇದ್ದಾನೆ, ಹೊಟ್ಟೆ ಮಾತ್ರ ಒಂದು ಸುತ್ತು ಮುಂದೆ ಬಂದಿದೆ. ನನ್ನ ಕಾರು ನೋಡಿ, "ಇದಕ್ಕೆ ಟೈರ್ ಬೇಕಾ, ಇಲ್ಲಾ ಇದನ್ನೇ ಟೈರೊಳಗೆ ಇಟ್ಕೊಂಡು ಹೋಗ್ತೀರಾ?" ಎಂದ. ಹದಿನೈದು ಇಂಚಿನ ಅಲಾಯ್ ವೀಲುಗಳನ್ನು ಮುಂದಿಟ್ಟ. ಹೂವಿನ ಎಸಳಿನಂತೆ ಐದು ಕಡ್ಡಿ, ನೋಡಲು ಚೆನ್ನಾಗಿದ್ದವು. ಅಪ್ಪ ಅವುಗಳನ್ನು ಬೆರಳ ಗೆಣ್ಣಿನಿಂದ ಬಡಿದು, "ಇವು ಮದುವೆಗೆ ಹೋಗೋಕೆ ಸರಿ. ಗುಂಡಿಗೆ ಬಿದ್ರೆ ಒಡೆಯತ್ತೆ. ಕಬ್ಬಿಣದ್ದಾದ್ರೆ ಬಗ್ಗತ್ತೆ, ಸುತ್ತಿಗೇಲಿ ತಟ್ಟಿದ್ರೆ ಮನೆ ಮುಟ್ಟಸತ್ತೆ" ಎಂದರು. "ಈಗ ಸುತ್ತಿಗೆ ಇಟ್ಕೊಂಡು ಯಾರು ಓಡಾಡ್ತಾರೆ ಯಜಮಾನ್ರೇ?" "ನಾನು ಓಡಾಡ್ತೀನಿ. ನಿನ್ನ ತಲೆ ಸರಿ ಮಾಡೋಕೂ ಅದೇ ಸಾಕು." ಕೊನೆಗೆ ಹದಿನಾಲ್ಕು ಇಂಚಿನ ಕಪ್ಪು ಕಬ್ಬಿಣದ ವೀಲು ಎಂದಾಯಿತು. ಟೈರು ಸ್ವಲ್ಪ ಅಗಲ ಇದ್ದರೆ ಕಾರು ಗಟ್ಟಿಯಾಗಿ ನಿಲ್ಲುವುದಿಲ್ಲವೇ ಎಂದು ನಾನು ಕೇಳಿದೆ. "ಅಗಲ ಇದ್ರೆ ಹಿಮದ ಮೇಲೆ ತೇಲತ್ತೆ. ಕಿರಿದಾದ್ರೆ ಕೊಯ್ಕೊಂಡು ಹೋಗಿ ನೆಲ ಮುಟ್ಟತ್ತೆ. ನೀನು ಪುಸ್ತಕ ಓದಿದ್ದೀಯ, ನಾನು ನೆಲ ಹುಡುಕಿದ್ದೀನಿ" ಎಂದರು ಅಪ್ಪ. ಟೈರಿನ ಪಕ್ಕೆಯ ಮೇಲೆ ಅದು ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿ ಇರುತ್ತದಲ್ಲ, ಅದು ಅವರಿಗೆ ಕಾಣಿಸಲಿಲ್ಲ. ಕುರುಡರು ಓದುವ ಹಾಗೆ ತೋರುಬೆರಳಿನಿಂದ ಸವರಿ ಸವರಿ ಓದಿದರು. ನಾಲ್ಕು ಟೈರನ್ನೂ ಹಾಗೇ ಓದಿದರು. ನಾನು ಬೇರೆ ಕಡೆ ನೋಡಿದೆ.

ವೀಲುಗಳಿಗೆ ತುಕ್ಕು ಹಿಡಿದಿದೆಯೇ ನೋಡಲು ಅಪ್ಪ ಹಿಂದಿನ ಅಂಗಳಕ್ಕೆ ಹೋದಾಗ ಮೊಯ್ಲಾನೆನ್ ಕೈ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದ. "ಹೋದ ವರ್ಷ ನಿಮ್ಮಮ್ಮನ ಟೈರಿಗೆ ಫೋನ್ ಮಾಡಿದ್ದು ನೀವೇ ಅಲ್ವಾ? ಈಗ ಮಾತಾಡಿದಾಗ ದನಿ ಗುರುತು ಸಿಕ್ತು" ಎಂದ. ನಾನು ಹೌದೆಂದು ತಲೆಯಾಡಿಸಿದೆ. "ನಾನು ಯಾರಿಗೂ ಹೇಳಿಲ್ಲ. ಟೈರ್ ಮಾರೋನು ನಾನು, ಮನೆ ವಿಷಯ ಅಲ್ಲ" ಎಂದ. ಅಷ್ಟರಲ್ಲಿ ಅಪ್ಪ ಎರಡೂ ಕೈಯಲ್ಲಿ ಒಂದು ವೀಲು ತಬ್ಬಿಕೊಂಡು ಬಂದರು. "ಮೊಳೆ ಇರೋ ಟೈರೇ ಹಾಕಪ್ಪಾ, ಮಂಜುಗಡ್ಡೆ ಕಚ್ಚಿ ಹಿಡಿಯೋದು ಅದೊಂದೇ. ನನ್ನ ಮಗನ ಥರ ಬುದ್ಧಿವಂತಿಕೆ ತೋರಿಸ್ಬೇಡ" ಎಂದರು. ಮೊಯ್ಲಾನೆನ್ ತಲೆ ತಗ್ಗಿಸಿ ಡಬ್ಬಿಯೊಳಗಿನ ನಟ್ಟುಗಳನ್ನು ಕೆದಕುತ್ತಾ ನಿಂತ. ಆ ಗಳಿಗೆಯಲ್ಲಿ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ ಇಲ್ಪೊ. ಎರಡನೆಯ ಸಲವೂ ತೆರೆಯಲಿಲ್ಲ.

ಮೊದಲನೆಯ ಸಲ ಯಾವುದೆಂದು ನಿನಗೆ ಗೊತ್ತು. ಅಮ್ಮನ ಮಣ್ಣು ಮುಗಿಸಿ ಚರ್ಚಿನ ಹಾಲ್‌ನಲ್ಲಿ ಸಾಲ್ಮನ್ ಸೂಪು ಕುಡಿಯುತ್ತಿದ್ದೆವು. ಬಂದ ಸಂತಾಪದ ಕಾರ್ಡುಗಳನ್ನು ಒಂದೊಂದಾಗಿ ಓದಿ ಹೇಳುವ ಕೆಲಸ ನನ್ನದಾಗಿತ್ತು. ಕೊನೆಯ ಕಾರ್ಡು ಓದಿ ಕೂತಾಗ ಅಪ್ಪ, ಎಲ್ಲರಿಗೂ ಕೇಳುವ ಹಾಗೆ, ನಿನ್ನ ಕಡೆ ತಿರುಗಿ, "ನಾಕು ಮೊಳೆ ದುಡ್ಡು ಉಳಿಸೋಕೆ ಹೋಗಿ ಅಮ್ಮನ್ನ ತಿಂದ್ಕೊಂಡೆಯಲ್ಲೋ" ಎಂದರು. ನೀನು ನನ್ನನ್ನು ಒಂದೇ ಒಂದು ಸಲ ನೋಡಿದೆ. ಚಮಚವನ್ನು ಸದ್ದಾಗದಂತೆ ತಟ್ಟೆಯಲ್ಲಿಟ್ಟೆ, ಟೋಪಿ ತೆಗೆದುಕೊಂಡೆ, ಹೊರಟೆ. ನಿನ್ನ ಕಾರು ಚರ್ಚಿನ ತಿರುವು ದಾಟುವವರೆಗೂ ನಾನು ಕಾರ್ಡುಗಳನ್ನು ಜೋಡಿಸುತ್ತಲೇ ಇದ್ದೆ, ಅಂಚಿಗೆ ಅಂಚು ಸೇರಿಸಿ. ಯಾರೂ ಏನೂ ಕೇಳಲಿಲ್ಲ. ನಮ್ಮ ಕಡೆಯ ಜನ ಕೇಳುವುದಿಲ್ಲವಲ್ಲ. ಅದನ್ನು ಮರ್ಯಾದೆ ಎಂದುಕೊಳ್ಳುತ್ತೇವೆ. ನಾನೂ ಏಳು ತಿಂಗಳು ಅದರ ಮರೆಯಲ್ಲೇ ಕೂತಿದ್ದೆ.

ನಡೆದದ್ದನ್ನು ಬರೆದೇ ಬಿಡುತ್ತೇನೆ. ನಿನಗೆ ತಿಳಿಯದ್ದೇನೂ ಇದರಲ್ಲಿಲ್ಲ, ಆದರೆ ನನ್ನ ಕೈಯಿಂದ ಬರೆದದ್ದು ನಿನ್ನ ಹತ್ತಿರ ಇರಬೇಕು. ಅಮ್ಮ ಪ್ರತಿ ಗುರುವಾರ ಹಾಡಿನ ಅಭ್ಯಾಸಕ್ಕೆ ನಲವತ್ತು ಕಿಲೋಮೀಟರ್ ಹೋಗುತ್ತಿದ್ದಳು. ದಾರಿಯಲ್ಲಿ ಕೇಳಲೆಂದು ನಾನು ಕವಿತೆಗಳನ್ನು ಓದಿ, ಧ್ವನಿ ಮುದ್ರಿಸಿ, ಫೋನಿಗೆ ಕಳಿಸುತ್ತಿದ್ದೆ. "ಮೊಳೆ ಟೈರಿನ ಕರಕರ ಸದ್ದಿಗೆ ನಿನ್ನ ಅರ್ಧ ಸಾಲು ಮುಚ್ಚಿ ಹೋಗತ್ತೆ ಕಣೇ" ಎಂದು ಅವಳು ತಮಾಷೆಗೆ ಹೇಳಿದಳು. ನಾನು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಹಳೆಯ ಟೈರು ಸವೆದಿದ್ದವು, ಹೇಗೂ ಹೊಸದು ಹಾಕಬೇಕಿತ್ತು. ಮೊಳೆಯಿಲ್ಲದ ಟೈರು ಸದ್ದು ಮಾಡುವುದಿಲ್ಲ, ವಸಂತದಲ್ಲಿ ರಸ್ತೆಯ ಧೂಳೆಬ್ಬಿಸುವುದಿಲ್ಲ, ಔಲುವಿನಲ್ಲಿ ಎಷ್ಟೋ ಜನ ಅದನ್ನೇ ಹಾಕುತ್ತಾರೆ ಎಂದು ವಾರಗಟ್ಟಲೆ ಅವಳ ತಲೆ ತಿಂದೆ. ಆಗ ನೀನೇ ಫೋನ್ ಮಾಡಿದ್ದೆ. "ಅಕ್ಕಾ, ಅದು ಪೇಟೆಗೆ ಸರಿ. ಮಾರ್ಚಿನಲ್ಲಿ ಮಳೆ ಬಿದ್ದು ಹೆಪ್ಪುಗಟ್ಟತ್ತಲ್ಲ, ಆ ದಾರಿ ನಿಂಗೆ ಮರೆತೋಯ್ತಾ?" ಎಂದೆ. ನಾನು ಏನೆಂದೆ, ನೆನಪಿದೆಯೇ? "ನೀನೊಬ್ಬ ಅಪ್ಪನ ಬಾಲ" ಎಂದೆ. ಆಮೇಲೆ ನಾನೇ ಅಂಗಡಿಗೆ ಫೋನ್ ಮಾಡಿ ಆರ್ಡರ್ ಕೊಟ್ಟೆ. ನೀನು ಟೈರು ತಂದು, ಅಮ್ಮನ ಕಾರಿಗೆ ಹಾಕಿದೆ, ಅಷ್ಟೇ ನಿನ್ನ ಪಾಲು. ನಿನ್ನ ಕೈ ಕಪ್ಪಾದದ್ದನ್ನು ಅಪ್ಪ ನೋಡಿದರು, ಟೈರು ಆರಿಸಿದ್ದೂ ನೀನೇ ಎಂದುಕೊಂಡರು.

ಮಾರ್ಚ್ ಇಪ್ಪತ್ತರ ಗುರುವಾರ ಮಳೆ ಬಿದ್ದು ಸೇತುವೆಯ ಇಳಿಜಾರಿನಲ್ಲಿ ಹೆಪ್ಪುಗಟ್ಟಿತ್ತು. ಎದುರಿಗೆ ಮರದ ಲಾರಿ. ಪೊಲೀಸರ ವರದಿಯನ್ನು ನಾನು ಬಾಯಿಪಾಠವಾಗುವಷ್ಟು ಓದಿದ್ದೇನೆ: ವೇಗ ಮಿತಿಯೊಳಗಿತ್ತು, ಟೈರು ಹೊಸದಿತ್ತು, ರಸ್ತೆ ಗಾಜಿನಂತಿತ್ತು. ಮೊಳೆ ಇದ್ದಿದ್ದರೆ ಕಾರು ನಿಲ್ಲುತ್ತಿತ್ತೇ ಎಂದು ಕೇಳಿದೆ. ಗೊತ್ತಿಲ್ಲ, ಯಾರೂ ಹೇಳಲಾರರು ಎಂದರು. ಆ 'ಗೊತ್ತಿಲ್ಲ' ನನಗೆ ಒಂದು ದಿನ ಆಸರೆ, ಇನ್ನೊಂದು ದಿನ ಶಿಕ್ಷೆ. ಅಮ್ಮನ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ನನ್ನ ಓದು ಹನ್ನೆರಡನೆಯ ನಿಮಿಷದಲ್ಲಿ ನಿಂತಿತ್ತು. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಅವಳಿಗೆ ನನ್ನ ಪ್ರತಿಯೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮಾರ್ಚಿನ ನಂತರ ನಾನು ಕವಿತೆ ಓದಿಲ್ಲ. ಪುಸ್ತಕಗಳು ಔಲುವಿನ ಮನೆಯಲ್ಲಿವೆ. ಇಲ್ಲಿ ಓದುವುದು ಅಪ್ಪನಿಗೆ ಪತ್ರಿಕೆ, ಔಷಧಿಯ ಚೀಟಿ, ಅಷ್ಟೆ. ಅದೊಂದೇ ನಾನು ಉಪಯೋಗಕ್ಕೆ ಬರುವ ಕೆಲಸ ಎಂದು ಅದನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದೆ. ಸತ್ಯ ಹೇಳಿದರೆ ಅದೂ ಹೋಗುತ್ತದೆಂದು ಹೆದರಿದ್ದೆ. ನಿನ್ನ ಮನೆ, ನಿನ್ನ ಅಪ್ಪ, ನಿನ್ನ ಊರು ಎಲ್ಲ ಕಳೆದುಕೊಂಡು ನೀನು ಮೀನಿನ ಮಂಜುಗಡ್ಡೆಯಲ್ಲಿ ಕೈ ಅದ್ದಿಕೊಂಡು ನಿಂತಿರುವಾಗ ನಾನು ಇಲ್ಲಿ ಬಿಸಿ ಕಾಫಿಯ ಮುಂದೆ ಕೂತು ಇಷ್ಟಕ್ಕೆ ಹೆದರಿದೆ. ನೀನು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುವುದಿಲ್ಲ. ನನ್ನನ್ನು ಉಳಿಸಲೆಂದೋ, ಅಸಹ್ಯದಿಂದಲೋ, ಎರಡೂ ನನಗೆ ಸಲ್ಲುತ್ತವೆ.

ನಾಳೆ ಬೆಳಿಗ್ಗೆ ಕೆಳಗೆ ಕಾರು ನಿಲ್ಲಿಸುವಲ್ಲಿ ಅಪ್ಪ ತಾವೇ ವೀಲು ಹಾಕುತ್ತಾರಂತೆ. ಅಂಗಡಿಯವನಿಗೆ ಬಿಡಲಿಲ್ಲ. ಆಗ ಹೇಳುತ್ತೇನೆ. ಹೇಳಿದ ಮೇಲೆಯೇ ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ. ಇದು ನಿನ್ನ ಕೈಯಲ್ಲಿದ್ದರೆ ಹೇಳಿದ್ದೇನೆ ಎಂದೇ ತಿಳಿ.

ಬೆನ್ನಿಗೆ ಬಿಸಿ ಕೊಡು. ಹಸಿದುಕೊಂಡು ಕೆಲಸಕ್ಕೆ ಹೋಗಬೇಡ. ಆ ಕಡಲ ದಂಡೆಯಲ್ಲಿ ನಿನಗೆ ಒಬ್ಬರಾದರೂ ಮಾತಾಡುವವರು ಸಿಕ್ಕಿರಲಿ ಎಂದು ಬೇಡಿಕೊಳ್ಳುತ್ತೇನೆ.

ನಿನ್ನ ಅಕ್ಕ,
ಔತಿ

ತಾ.ಕ.: ಭಾನುವಾರ, ಅವಸರದಲ್ಲಿ. ನಿನ್ನೆ ಹೇಳಿದೆ. ಅಪ್ಪ ಮಂಡಿಯೂರಿ ಕೊನೆಯ ವೀಲಿನ ನಟ್ಟು ಬಿಗಿಯುತ್ತಿದ್ದರು. ನಾನು ಮಾತು ಮುಗಿಸುವವರೆಗೂ ಬಿಗಿಯುತ್ತಲೇ ಇದ್ದರು. ಆಮೇಲೆ ಎದ್ದು, "ಏಳು ತಿಂಗಳು" ಎಂದರು. ಅಷ್ಟೇ. ನಾನು ಮಾಡಿದ ಕಾಫಿ ಮುಟ್ಟಿಲ್ಲ. ಇವತ್ತು ಬೆಳಿಗ್ಗೆ ಪತ್ರಿಕೆ ಹಿಡಿದು ಕೂತೆ. ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಚಿ, ಕಿಟಕಿಯ ಕಟ್ಟೆಯ ಮೇಲಿಟ್ಟರು. ಈಗ ಬಾಗಿಲ ಹತ್ತಿರ ಬೆನ್ನು ಹಾಕಿ ನಿಂತು, "ಅವನ ಕಾರಿಗೆ ಎಷ್ಟಿಂಚಿನ ವೀಲು?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ನೀನು ಬರೆ ಇಲ್ಪೊ, ನನಗಲ್ಲ, ಅವರಿಗೆ. ದೊಡ್ಡ ಅಕ್ಷರದಲ್ಲಿ, ದಪ್ಪ ಪೆನ್ನಿನಲ್ಲಿ ಬರೆ. ಅವರು ಇನ್ನು ನನ್ನಿಂದ ಓದಿಸಿಕೊಳ್ಳುವುದಿಲ್ಲ.