ಡಯಾಲಿಸಿಸ್ ರೂಮಿನ ಚಳಿಜ್ವರ

ಮಾರ್ಚ್ 4, 2024, ಸೋಮವಾರ

ನಾನು ಮಾಸ್ಕ್ ಕಟ್ಟುವಷ್ಟರಲ್ಲಿ ದೇವರ ಹಿಪ್ಪರಗಿಯ ಬಸಂತರಾಯರು ಡಯಾಲಿಸಿಸ್ ಬೆಡ್ ಮೇಲೆ ಮಲಗಿಯಾಗಿತ್ತು. ಅವರ ಕುತ್ತಿಗೆಯ ನಳಿಕೆಗೆ ಮಷೀನ್ ಹಚ್ಚಿದ್ದು ಸಂಘಮಿತ್ರಾ. ಹೊಸ ನರ್ಸ್, ಹೋದ ತಿಂಗಳು ಬಂದವಳು. ಸ್ವಲ್ಪ ಹೊತ್ತಿಗೆ ಗಡಗಡ ನಡುಕ, ಜ್ವರ. ಇಂಜೆಕ್ಷನ್ ಕೊಟ್ಟ ಮೇಲೆ ಇಳಿಯಿತು. ಹೋದ ವಾರ ಇನ್ನೊಬ್ಬರಿಗೂ ಹೀಗೇ ಆಗಿತ್ತು.

ಆ ನಳಿಕೆಯ ಇನ್ನೊಂದು ತುದಿ ಹೃದಯದ ಹತ್ತಿರ. ಸೋಂಕು ಅಲ್ಲಿಂದ ರಕ್ತಕ್ಕಿಳಿದರೆ ಮನುಷ್ಯ ಉಳಿಯುವುದು ಕಷ್ಟ. ಈಕೆ ಬರುವ ಮುಂಚೆ ಈ ಕಾಟ ಇರಲಿಲ್ಲ... ಇನ್‌ಚಾರ್ಜ್ ನಾನು. ಕಣ್ಣಿಡಬೇಕು.

ಮಾರ್ಚ್ 6, ಬುಧವಾರ

ಸಂಘಮಿತ್ರಾ ಕೈ ತೊಳೆಯುವುದನ್ನು ನೋಡಿದೆ. ಉಗುರು ಸಂದಿ, ಹೆಬ್ಬೆರಳು, ಎಲ್ಲ ಸರಿ. ಎದುರಿಗೆ ನಿಂತರೆ ಯಾರು ತೊಳೆಯುವುದಿಲ್ಲ? ಹೊರಗೆ ಹೋದಂತೆ ಮಾಡಿ ಬಾಗಿಲ ಸಂದಿಯಿಂದ ನೋಡಿದೆ. ಆಗಲೂ ತೊಳೆದಳು. ಬಲು ಹುಷಾರು.

ಮಧ್ಯಾಹ್ನ ಹತ್ತಿರ ಬಂದಳು. "ಮೇಡಮ್, ನಳಿಕಿ ಒರಸೋ ಔಷಧದ ಹತ್ತಿ ಡಬ್ಬಿ ದಿನಾ ಯಾರು ತೊಳಿತಾರ್ರಿ?"

"ರುಕ್ಮವ್ವ ತೊಳಿತಾಳ. ಯಾಕ?"

"ಸುಮ್ನ ಕೇಳಿದೆರಿ."

ಸುಮ್ಮನೆ ಯಾರೂ ಕೇಳುವುದಿಲ್ಲ. ತನ್ನ ತಪ್ಪನ್ನು ಪಾಪದ ಆಯಾ ಮೇಲೆ ಹಾಕುವ ಹುನ್ನಾರ. ರುಕ್ಮವ್ವ ನನ್ನ ಅವ್ವನ ವಾರಿಗೆಯವಳು. ಜನರಲ್ ವಾರ್ಡಿನಿಂದ ನಾನೇ ಕೇಳಿ ಹಾಕಿಸಿಕೊಂಡೆ.

ಮಾರ್ಚ್ 8, ಶಿವರಾತ್ರಿ

ಮತ್ತೆ ಚಳಿ, ಮತ್ತೆ ಬಸಂತರಾಯರಿಗೇ. ಹಚ್ಚಿದ್ದು ಅವಳೇ. ಹಲ್ಲು ಕಟಕಟ ಅನ್ನುತ್ತಿದ್ದರೂ ಕೇಳಿದರು: "ಸಿಸ್ಟರ್, ಆ ಹುಡುಗಿ ಯಾರ ಪೈಕಿರಿ?" ಏನು ಕೇಳುತ್ತಿದ್ದಾರೆಂದು ತಿಳಿಯಿತು. ಗೊತ್ತಿಲ್ಲ ಅಂದೆ. ಗೊತ್ತಿತ್ತು.

ಡಾಕ್ಟರ್ ರಕ್ತ ಟೆಸ್ಟಿಗೆ ಕಳಿಸಿದರು. ಅವರ ಮುಂದೆ ಹೇಳಿಬಿಟ್ಟೆ — ಸಂಘಮಿತ್ರಾಳ ಕೈಯ ಮೇಲೆ ನನಗೆ ನಂಬಿಕೆ ಇಲ್ಲ. ತಾವು ಹೇಳುವ ತನಕ ಡ್ಯೂಟಿಗೆ ಬರಬೇಡ ಎಂದು ಡಾಕ್ಟರ್ ಅವಳನ್ನು ಮನೆಗೆ ಕಳಿಸಿದರು. ಚೀಲ ತೆಗೆದುಕೊಂಡು ನೆಟ್ಟಗೆ ಹೊರಟುಹೋದಳು. ತಪ್ಪಿಲ್ಲದವರು ಜಗಳ ತೆಗೆಯುತ್ತಾರೆ. ಮನಸ್ಸು ಹಗುರಾಯಿತು.

ಮಾರ್ಚ್ 11, ಸೋಮವಾರ, ಮಧ್ಯಾಹ್ನ

ಇವತ್ತು ಬಸಂತರಾಯರಿಗೆ ನಾನೇ ಹಚ್ಚಿದೆ. ಕೈ ತೊಳೆದೆ, ಗ್ಲೌಸ್ ಹಾಕಿದೆ. ನಳಿಕೆಯ ಬಾಯಿಯನ್ನು ಔಷಧದ ಹತ್ತಿಯಿಂದ ತಿಕ್ಕಿ ತಿಕ್ಕಿ ಒರೆಸಿದೆ, ಆರುವ ತನಕ ಕಾದೆ. ಯಾರನ್ನೂ ಹತ್ತಿರ ಬಿಡಲಿಲ್ಲ.

ಬೆಡ್ಡೇ ಅಲುಗುವಂಥ ನಡುಕ. ಬಿಪಿ ಕುಸಿಯಿತು. ಆಂಬುಲೆನ್ಸಿನಲ್ಲಿ ವಿಜಯಪುರಕ್ಕೆ ಕಳಿಸಿದೆವು. ಸ್ಟ್ರೆಚರ್ ಮೇಲೆ ನನ್ನ ಕೈ ಹಿಡಿದರು. "ಈ ಸಲ ನೀವ ಹಚ್ಚಿದ್ರಿ. ಮತ್ತ ಯಾಕ ಹಿಂಗಾತ್ರಿ?"

ನನ್ನ ಕೈಗಳನ್ನೇ ನೋಡುತ್ತ ಕುಳಿತಿದ್ದೇನೆ. ಹಾಗಾದರೆ ಅವಳಲ್ಲವೇ...

ಅದೇ ದಿನ, ಸಂಜೆ

ರುಕ್ಮವ್ವ ಡಬ್ಬಿ ತುಂಬುವಾಗ ಹಿಂದೆ ಹೋಗಿ ನಿಂತೆ. ಬರಿದು ಮಾಡಲಿಲ್ಲ, ತೊಳೆಯಲಿಲ್ಲ. ತಳದಲ್ಲಿ ಒಂದು ಹಿಡಿ ಹಳೆ ಹತ್ತಿ ಬಿಟ್ಟು, ಮೇಲೆ ಹೊಸದನ್ನು ಒತ್ತಿ, ಔಷಧ ಸುರಿದಳು.

"ತಳದಾಗಿಂದು ಯಾಕ ಬಿಟ್ಟಿ ಬೇ?"

"ಹಿಟ್ಟಿನ ಡಬ್ಬಿ, ಉಪ್ಪಿನ ಗಡಗಿ ಯಾರರ ಬರಿದ ಮಾಡ್ತಾರೇನವ್ವ? ಇದು ಮಂದಿ ಜೀವಾ ಉಳಸೋ ಡಬ್ಬಿ. ಇದನ್ನ ಹೆಂಗ ಬರಿದ ಮಾಡ್ಲಿ? ಬಂದಾಗಿಂದ ಹಿಂಗ ಮಾಡಾಕತ್ತೇನಿ."

ಬೆರಳು ಹಾಕಿ ನೋಡಿದೆ. ತಳದ ಹತ್ತಿ ಲೋಳೆಲೋಳೆ. ಔಷಧಕ್ಕೂ ಸಾಯದ ಸೋಂಕು ಅಲ್ಲೇ ಬೆಳೆದಿದೆ, ಅದೇ ಡಬ್ಬಿಯ ಹತ್ತಿಯಿಂದ ನಾವು ನಳಿಕೆ ಒರೆಸಿದ್ದು. ಅವಳನ್ನು ಹೇಗೆ ಬಯ್ಯಲಿ? ಮನೆಯಲ್ಲಿ ನಾನೂ ಹಿಟ್ಟಿನ ಡಬ್ಬಿಯಲ್ಲಿ ಒಂದು ಹಿಡಿ ಬಿಟ್ಟೇ ತುಂಬುತ್ತೇನೆ.

ಇಬ್ಬರೂ ಒಂದೇ ತಿಂಗಳಲ್ಲಿ ಈ ರೂಮಿಗೆ ಬಂದವರು. ನನ್ನ ಕಣ್ಣಿಗೆ ಹೊಸಬಳಾಗಿ ಕಂಡದ್ದು ಒಬ್ಬಳೇ. ನಾಚಿಕೆಯಾಗುತ್ತಿದೆ.

ಮಾರ್ಚ್ 13, ಬುಧವಾರ

ನಿನ್ನೆ ಡಾಕ್ಟರಿಗೆ ಎಲ್ಲ ಹೇಳಿದೆ. ಡಬ್ಬಿ ಎಸೆದಾಯಿತು. ಸಂಘಮಿತ್ರಾಳನ್ನು ಕರೆಸಿ ಅಂದರು, ಫೋನ್ ನೀವೇ ಮಾಡಿ ಅಂದರು. ನಿನ್ನೆ ಧೈರ್ಯವಾಗಲಿಲ್ಲ.

ಬೆಳಿಗ್ಗೆ ವಿಜಯಪುರದಿಂದ ಸುದ್ದಿ ಬಂತು. ಬಸಂತರಾಯರು ಹೋದರು.

ಈಗ ಸಂಘಮಿತ್ರಾಗೆ ಫೋನ್ ಹಚ್ಚಿದೆ. ಬೈಯಲಿ, ಕೇಳಿಸಿಕೊಳ್ಳಬೇಕು ಅಂದುಕೊಂಡಿದ್ದೆ. ನಾನು ಮಾತು ಶುರು ಮಾಡುವ ಮೊದಲೇ ಅವಳೇ ಕೇಳಿದಳು — "ಮೇಡಮ್, ಬಸಂತರಾಯ ಕಾಕಾ ಆರಾಮ ಆದ್ರೇನ್ರಿ?"

ನಾನು ಹೇಳಿದೆ — "ಕಾಕಾ ಹೋದ್ರವ್ವಾ, ಡಬ್ಬಿಯೊಳಗಿನ ಹತ್ತಿ ಕೆಟ್ಟಿತ್ತು, ನಿನ್ನ ಮ್ಯಾಲೆ ಹೊರಿಸಿದಾಕಿ ನಾನು."