ಕೊನೆಯ ಸಾಲು ಬಿಟ್ಟು ಹೇಳಿದ ಕವಿತೆ

ಅಬಲೂರು

ಯಲವಿಗಿಯ ನೀಲಪ್ಪಣ್ಣನವರಿಗೆ,

ನಮ್ಮ ಕವಿತೆಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಎಲ್ಲರ ಕವಿತೆಗೂ ಹೂವಿನ ಚಿತ್ರ ಹಾಕುತ್ತಾರೆ. ನಾನೊಬ್ಬಳೇ ನಿಮ್ಮ ರೈಲಿನ ಕವಿತೆಗೆ, "ಕೊನೆಯ ಸಾಲು 'ಇದೇ ಜೀವನ' ಬ್ಯಾಡ್ರಿ" ಎಂದು ಬರೆದೆ. ಅಂದೇ ನೀವು ಗುಂಪು ಬಿಟ್ಟಿರಿ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು ನಾನು, ಹೇಳಬಾರದಿತ್ತು.

ಆ ಕವಿತೆಯಲ್ಲಿ ರೈಲು ಮಂಜಿನಲ್ಲಿ ನಿಂತೇ ಇರುತ್ತದೆ, ಜೋಳದ ಹೊಲವೇ ಮೆಲ್ಲಗೆ ಊರು ದಾಟಿ ಹೋಗುತ್ತದೆ. ಮೊನ್ನೆ ಕಳೆ ತೆಗೆಯುವಾಗ ಅದನ್ನು ಅವ್ವನಿಗೆ ಹೇಳಿದೆ. ಅವಳು ಕೈ ನಿಲ್ಲಿಸಿ, "ಸುಮ್ನಿರವಾ, ಹೊಲ ಹೊಂಟೈತಿ" ಅಂದಳು. ಇಬ್ಬರೂ ಬದುವಿನ ಮೇಲೆ ಕುಳಿತು ನೋಡುತ್ತಲೇ ಇದ್ದೆವು. ಕೊನೆಯ ಸಾಲು ಹೇಳಲು ಮನಸ್ಸಾಗಲಿಲ್ಲ. ಹೇಳಿದ್ದರೆ ಹೊಲ ನಿಂತುಬಿಡುತ್ತಿತ್ತು.

"ಅಂವ ಮತ್ತೇನ್ ಬರದಾನ?" ಎಂದು ಅವ್ವ ದಿನವೂ ಕೇಳುತ್ತಾಳೆ. ಬರೆಯುತ್ತಿದ್ದಾರೆ ಎಂದುಬಿಟ್ಟಿದ್ದೇನೆ. ಅದನ್ನು ಸುಳ್ಳು ಮಾಡಬೇಡಿರಿ.

ನಿಮ್ಮ ತಂಗಿಯಂಥ
ಮಾಲಾ