ಬೀಜಕ್ಕೆ ಬಿಟ್ಟ ಏಳು ಗಿಡ

ಬಿಜ್‌ಬೆಹಾರ
೬ ನವೆಂಬರ್ ೧೯೮೩

ಪ್ರೀತಿಯ ಸಾಜಾ,

ಸಲಾಮು. ಜಮ್ಮುವಿನ ಬಿಸಿಲಿಗೆ ನಿನ್ನ ಮೊಣಕಾಲು ನೋವು ಕಡಿಮೆಯಾಯಿತೇ? ಬಾಣಂತಿ ಶಮೀಮಾ ಹೊಟ್ಟೆ ತುಂಬ ಉಣ್ಣುತ್ತಾಳೆಯೇ? ಮೊಮ್ಮಗಳಿಗೆ ನಿನ್ನ ಮೂಗು ಬಂದಿದೆ ಎಂದು ಅಳಿಯ ಬರೆದಿದ್ದಾನೆ. ಬರಲಿ ಬಿಡು, ನಿನ್ನ ನಾಲಿಗೆ ಬರದಿದ್ದರೆ ಸಾಕು. ತಾಯಿ, ಮಗು ಇಬ್ಬರೂ ಸುಖವಾಗಿದ್ದಾರೆ ಎಂಬ ತಂತಿ ಬಂದಾಗ ನಾನು ಹೊಲಿಗೆ ಅಂಗಡಿಯಲ್ಲಿ ಗಿರಾಕಿಯ ಮುಂದೆಯೇ ಅತ್ತುಬಿಟ್ಟೆ.

ನೀನು ಬಸ್ಸಿನ ಕಿಟಕಿಯಿಂದ ಒದರಿದ ಹಿತ್ತಲ ಕೆಲಸಗಳೆಲ್ಲ ಆಗಿವೆ. ಮೊಣಕಾಲುದ್ದದ ಗುಂಡಿ ತೋಡಿ, ಒಣಹುಲ್ಲು ಹಾಸಿ, ಟರ್ನಿಪ್ ಗೆಡ್ಡೆಗಳನ್ನು ಹೂತಿಟ್ಟಿದ್ದೇನೆ. ಹಿಮ ಬಿದ್ದ ಮೇಲೆ ಜಾಗ ಸಿಗಲೆಂದು ಕೋಲೂ ನೆಟ್ಟಿದ್ದೇನೆ. ಸೋರೆಕಾಯಿ ಸೀಳು ಒಣಗಿವೆ, ಮೆಣಸಿನಕಾಯಿ ಸರ ಕಿಟಕಿಯಲ್ಲಿ ತೂಗುತ್ತಿದೆ. ಚಿನಾರ್ ಎಲೆ ಗುಡಿಸಿ, ಸುಟ್ಟು, ಮೈ ಕಾಯಿಸುವ ಕಾಂಗ್ಡಿಗೆ ಎರಡು ಮೂಟೆ ಇದ್ದಲು ಮಾಡಿದೆ. ಬೆಳ್ಳುಳ್ಳಿಯ ಮೊದಲ ಸಾಲನ್ನು ಮಾತ್ರ ತಲೆಕೆಳಗಾಗಿ ಊರಿದ್ದೆ. ಬೇಲಿಯಾಚೆಯಿಂದ ಮುಗ್ಲಿ ನೋಡಿ, "ಅಣ್ಣಾ, ಮೊನೆ ಮೇಲೆ ಬರ್ಬೇಕು. ಸೂಜಿ ಹಿಡಿಯೋರಿಗೆ ಮೊನೆ ಯಾವ್ದು ಅಂತ ಗೊತ್ತಾಗಲ್ವಾ?" ಎಂದಳು. ಕಿತ್ತು ಮತ್ತೆ ಊರಿದೆ.

ಈಗ ಸಿಟ್ಟಾಗದೆ ಓದು. ಹಾಕ್ ಸೊಪ್ಪಿನ ಮಡಿಯಲ್ಲಿ ಏಳು ಗಿಡಗಳಿಗೆ ನೀನು ಕೆಂಪು ದಾರ ಕಟ್ಟಿದ್ದೆಯಲ್ಲ, ನಾನು ಅದನ್ನು ಶಮೀಮಾಳ ಹೆರಿಗೆಗೆ ಹೊತ್ತ ಹರಕೆ ಎಂದುಕೊಂಡೆ. ಕಾಲು ನೋವಿಗೆ ದರ್ಗಾದ ಮೆಟ್ಟಿಲು ಹತ್ತಲಾಗದೆ ಪಾಪ, ಸೊಪ್ಪಿಗೇ ಕಟ್ಟಿದ್ದಾಳೆ ಎಂದು ಮನಸ್ಸು ಕರಗಿತ್ತು. ಹರಕೆ ಫಲಿಸಿದರೆ ದಾರ ಬಿಚ್ಚಬೇಕಲ್ಲ. ತಂತಿ ಬಂದ ದಿನವೇ ಬಿಸ್ಮಿಲ್ಲಾ ಎಂದು ಏಳನ್ನೂ ಬಿಚ್ಚಿದೆ. ಹಿಮಕ್ಕೆ ಮುಂಚೆ ಮಡಿ ಖಾಲಿ ಮಾಡಿ ಎಂದು ನೀನೇ ಹೇಳಿದ್ದೆ. ಅಷ್ಟನ್ನೂ ಬುಡಸಮೇತ ಕಿತ್ತು ಬೇಯಿಸಿ, ಅರಿಶಿನದನ್ನದ ಜೊತೆ ಕೇರಿಗೆಲ್ಲ ಹಂಚಿದೆ.

ಮುಗ್ಲಿ ತಟ್ಟೆ ಹಿಂದಿರುಗಿಸಲು ಬಂದವಳು, "ಬೀಜಕ್ಕೆ ಬಿಟ್ಟ ಗಿಡ ಎಲ್ಲಣ್ಣಾ?" ಎಂದಳು. ಆಗ ತಿಳಿಯಿತು. ಕೆಂಪು ದಾರ ಹರಕೆಯದಲ್ಲ, ಬೀಜದ ಗುರುತು. ನಿನ್ನ ತಾಯಿ ನಮ್ಮ ಮದುವೆಯಲ್ಲಿ ನಿನ್ನ ಸೆರಗಿಗೆ ಕಟ್ಟಿ ಕಳಿಸಿದ ತಳಿ, ಡಬ್ಬಿಯಲ್ಲಿ ಒಂದು ಕಾಳೂ ಇಲ್ಲ, ಉಳಿದದ್ದು ಊರಿನ ಹೊಟ್ಟೆಯಲ್ಲಿ. ನಿನಗೆ ಏನು ಬರೆಯುವುದೆಂದು ತೋಚದೆ ಎರಡು ದಿನ ಅನ್ನ ಸೇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮುಗ್ಲಿ ಬುಟ್ಟಿಯಲ್ಲಿ ಏಳು ಗಿಡ ಹೊತ್ತು ತಂದಳು, ಬೇರಿನ ಮಣ್ಣು ಉದುರದಂತೆ. "ಇವು ಅಕ್ಕನವೇ. ಎಲೆ ನೋಡಿ. ಆವತ್ತು ಬೀಜದ ಡಬ್ಬಿಗೆ ಕೈ ಹಾಕಿದ್ದು ನಾನೇ," ಎಂದಳು. ಒಂಬತ್ತು ವರ್ಷದ ಹಿಂದೆ ನೀನು ಅವಳನ್ನು ಕಳ್ಳಿ ಎಂದಾಗ ನಿನಗೆ ಬುದ್ಧಿ ಹೇಳಿದವನು ನಾನು. ನಿನ್ನ ಮಾತೇ ನಿಜವಾಗಿತ್ತು, ಒಪ್ಪಿಕೊಂಡೆ. ಆದರೆ ಸಾಜಾ, ಆ ಗಳಿಗೆಯಲ್ಲಿ ಅವಳ ಕಳ್ಳತನಕ್ಕೆ ನಾನು ದೇವರಿಗೆ ಶುಕ್ರಿಯಾ ಹೇಳಿದೆ. ಅವಳೇ ನೆಟ್ಟು, ನೀರೆರೆದು, ಸುತ್ತ ಹುಲ್ಲು ಹೊದಿಸಿದ್ದಾಳೆ. ಏಳೂ ತಲೆಯೆತ್ತಿವೆ. ವಸಂತದಲ್ಲಿ ಹೂ ಬಿಟ್ಟು ಬೀಜ ಕಟ್ಟುತ್ತವಂತೆ. ನಿನ್ನೆ ಮೊದಲ ಬಾರಿಗೆ ಗಡದ್ದಾಗಿ ನಿದ್ದೆ ಮಾಡಿದೆ.

ಶಮೀಮಾಳಿಗೆ, ಅಳಿಯನಿಗೆ ನನ್ನ ದುವಾ. ಮೊಮ್ಮಗಳ ಹಣೆಗೆ ನನ್ನ ಪರವಾಗಿ ಮುತ್ತು ಕೊಡು.

ನಿನ್ನ,
ಖಜಿರ್

ಟಪಾಲಿನವನು ಬಾಗಿಲಲ್ಲಿದ್ದಾನೆ, ಇಷ್ಟು ಬರೆಯಲೇಬೇಕು. ಆವತ್ತು ಮುಗ್ಲಿ ಕದ್ದಿಲ್ಲವೆಂದು ಗಂಡನ ತಲೆಯ ಮೇಲೆ ಆಣೆ ಇಟ್ಟಿದ್ದಳು. ಆ ಚಳಿಗಾಲದಲ್ಲೇ ಅವನು ತೀರಿಕೊಂಡ. ಸುಳ್ಳು ಆಣೆಯೇ ಅವನನ್ನು ತಿಂದಿತು ಎಂದು ಅವಳು ಇಷ್ಟು ವರ್ಷ ಒಬ್ಬಳೇ ನಂಬಿಕೊಂಡು ಬದುಕಿದ್ದಾಳೆ. ಹಾಗಲ್ಲ ಎಂದು ನಾನು ಹೇಳಿದರೆ ತಲೆ ಅಲ್ಲಾಡಿಸುತ್ತಾಳೆ. ಈ ಸಲ ನನಗೆ ಉತ್ತರ ಬರೆಯಬೇಡ, ಅವಳಿಗೆ ಬರೆ. ನಾನು ಓದಿ ಹೇಳುತ್ತೇನೆ.